ಉಲ್ಟಾ ವೈರಿನ ಕಾರು

ನನ್ನ ಲಗ್ನದ ಮಾತುಕತೆ ಒಂದು ಕಾರಿನ ರೇಡಿಯೋದ ಮೇಲೆ ನಿಂತಿತ್ತು. ಇದನ್ನು ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ನಾನು ನಗಿಸಬೇಕೆಂದು ಹೇಳುವುದಿಲ್ಲ. ಮನೆತನ ನೋಡಿ ಆಗಿತ್ತು, ಬಳಗ ವಿಚಾರಿಸಿ ಆಗಿತ್ತು, ಎರಡೂ ಕಡೆಯ ಹೆಂಗಸರು ಒಬ್ಬರಿಗೊಬ್ಬರು ಹೆಸರಿಟ್ಟು ಕೊಂಕು ತೆಗೆಯುವುದೂ ಮುಗಿದಿತ್ತು. ಉಳಿದದ್ದು ರೇಡಿಯೋ ಒಂದೇ.

ಮೊದಲು ಕಾರಿನ ವಿಷಯ. ಪೊಲೀಸ್ ಆಕ್ಷನ್ ಆಗಿ ನಿಜಾಮರ ಕಾಲ ಮುಗಿದ ಮೇಲೆ ನಿಲಂಗೆಯ ಒಬ್ಬ ಜಾಗೀರದಾರರು ಮನೆ ಖಾಲಿ ಮಾಡಿಕೊಂಡು ಹೈದರಾಬಾದಿಗೆ ಹೊರಟರು. ಕುರ್ಚಿ, ಕನ್ನಡಿ, ತಾಮ್ರದ ಹಂಡೆ ಎಲ್ಲವೂ ಎತ್ತಿನ ಗಾಡಿಗಳಲ್ಲಿ ಹೋದವು. ಕಾರು ಮಾತ್ರ ಹೋಗಲಿಲ್ಲ, ಯಾಕೆಂದರೆ ಆ ದಿನ ಅದು ಚಾಲೂ ಆಗಲಿಲ್ಲ. ಅಪ್ಪ ಅದನ್ನು ಕೊಂಡು, ಎತ್ತು ಹೂಡಿ, ದಾಳಿಂಬ ಎಂಬ ಹಳ್ಳಿಯ ಆಚೆಯ ನಮ್ಮ ಊರಿಗೆ ಎಳೆಸಿಕೊಂಡು ಬಂದ. ಅಪ್ಪನಿಗೆ ಜೋಳ, ತೊಗರಿ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ್ದರ ಬಗ್ಗೆಯೇ ಅವನಿಗೆ ಅಭಿಮಾನ ಹೆಚ್ಚು.

ಅದು ಇಂಗ್ಲೆಂಡಿನಲ್ಲಿ ತಯಾರಾದ ಕಪ್ಪು ಕಾರು. ಅದರ ಒಂದು ದೀಪ ಆಕಾಶ ನೋಡುತ್ತಿತ್ತು, ಇನ್ನೊಂದು ರಸ್ತೆಯ ಪಕ್ಕದ ಬೆಳೆ ನೋಡುತ್ತಿತ್ತು. ಅವ್ವನ ತಮ್ಮ, ನನ್ನ ಮಾಮಾ, ಉಮರಗಾದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಯುದ್ಧದ ಕಾಲದಲ್ಲಿ ಸೊಲ್ಲಾಪುರದ ಕಡೆ ಮಿಲಿಟರಿ ಲಾರಿಗಳ ರಿಪೇರಿ ಮಾಡಿದವನು. ಇಂಜಿನ್ ಇದ್ದದ್ದೆಲ್ಲ ಒಂದೇ ಎಂಬುದು ಅವನ ನಂಬಿಕೆ. ಅವನು ಹದಿನೈದು ದಿನ ಕಾರಿನ ಕೆಳಗೆ ಮಲಗಿ ಅದನ್ನು ಚಾಲೂ ಮಾಡಿದ. ಚಾಲೂ ಆದ ದಿನ ಅಪ್ಪ ಕಾರನ್ನು ಉಮರಗಾ ಸಂತೆಗೆ ಒಯ್ದ. ತರುವಂಥದ್ದು ಏನೂ ಇರಲಿಲ್ಲ. ಉಪ್ಪು ತಂದ.

ಉದಗೀರದ ಸಂಬಂಧ ಬಂದದ್ದು ಇದಾದ ಕೆಲವು ವರ್ಷಕ್ಕೆ. ಅವರೂ ನಮ್ಮಂಥವರೇ, ಹೊಲ ಮಾಡುವವರು, ಕೊರಳಲ್ಲಿ ಲಿಂಗ ಕಟ್ಟಿದವರು. ಹುಡುಗ ಅಲ್ಲಿಯ ಶಾಲೆಯಲ್ಲಿ ಮಾಸ್ತರ. ಅವನನ್ನು ನಾನು ಜಳಕೋಟದ ಒಂದು ಲಗ್ನದಲ್ಲಿ ನೋಡಿದ್ದೆ. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದ. ನಮ್ಮ ಕಡೆ ಬಡಿಸುವ ಗಂಡಸರಿಗೆ ಉಣ್ಣುವವರು ಬೇಡವೆಂದರೆ ಹುಮ್ಮಸ್ಸು ಬರುತ್ತದೆ. ಕೈ ಅಡ್ಡ ಹಿಡಿದರೆ ಕೈಮೇಲೆ ಹಾಕುತ್ತಾರೆ. ನಾನು ಸಾಕು ಅಂದೆ. ಈ ಹುಡುಗ ಹೌದೇ ಎಂಬಂತೆ ನೋಡಿ ಮುಂದಿನ ಎಲೆಗೆ ಹೋದ. ಅಂಥ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆ ಹುಡುಗ ನನಗೆ ಬೇಕಾಗಿದ್ದ. ಹೀಗೆ ಹೇಳಲು ಈಗ ನಾಚಿಕೆಯಿಲ್ಲ, ಆಗಲೂ ಅಂಥ ನಾಚಿಕೆಯೇನೂ ಇರಲಿಲ್ಲ. ಕೇಳುವವರು ಇರಲಿಲ್ಲ, ಅಷ್ಟೇ.

ಅಪ್ಪ ಮತ್ತು ಮಾಮಾ ಉದಗೀರಕ್ಕೆ ಕಾರಿನಲ್ಲೇ ಹೋದರು. ಹುಡುಗನ ತಂದೆಯನ್ನು ಆ ಓಣಿಯಲ್ಲಿ ಎಲ್ಲರೂ ಹಿರಿಯರು ಎನ್ನುತ್ತಿದ್ದರು. ಅವರ ಮನೆಯಲ್ಲಿ ಬ್ಯಾಟರಿಯ ಮೇಲೆ ನಡೆಯುವ ರೇಡಿಯೋ ಇತ್ತು. ಹೈದರಾಬಾದ್ ರಾಜ್ಯವನ್ನು ಒಡೆದು ಭಾಷೆಗಳ ಲೆಕ್ಕದಲ್ಲಿ ಹಂಚುತ್ತಾರೆ ಎಂಬ ಮಾತು ಆಗ ಎಲ್ಲ ಕಡೆ ಇತ್ತು. ನಮ್ಮ ಕಡೆಯ ತಾಲೂಕುಗಳು ಯಾರ ಪಾಲಿಗೆ ಹೋಗುತ್ತವೋ ಯಾರಿಗೂ ತಿಳಿದಿರಲಿಲ್ಲ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಮಾತಾಡುವ ಜನರನ್ನು ಹಂಚುವುದು ಸುಲಭವೂ ಅಲ್ಲ. ಹಿರಿಯರು ಸಂಜೆಯ ಸುದ್ದಿ ತಪ್ಪಿಸುತ್ತಿರಲಿಲ್ಲ. ಹಾಗಾಗಿ ಅವರು ಊರು ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ.

ಚಹಾ ಕುಡಿಯುತ್ತ ಹಿರಿಯರು ಅಪ್ಪನಿಗೆ ಹೇಳಿದರಂತೆ, "ಹುಡಗೀನ ನೋಡ್ಲಾಕ ನಮ್ಮ ಮನಿಯಾಕೀನ್ನ ಕಳಸ್ತೀನ್ರಿ. ನಾ ಬರಾಂವಲ್ಲ. ಹೋಗಿ ಬರೂದ್ರಾಗ ಸುದ್ದಿ ತಪ್ಪತದ."

ಹಿರಿಯರು ಬರದೆ ಮಾತು ಪಕ್ಕಾ ಆಗುವುದಿಲ್ಲ. ನಮ್ಮಲ್ಲಿ ಮನೆಯ ದೊಡ್ಡವರು ಹುಡುಗಿಯ ಮನೆಯಲ್ಲೇ ಕೂತು ಬಾಯಿಂದ ಆಡಬೇಕು. ಹೆಂಗಸರು ನೋಡಿ ಹೋದ ಎಷ್ಟೋ ಸಂಬಂಧಗಳು 'ಯಜಮಾನರು ಬರ್ತಾರ' ಎನ್ನುವಲ್ಲೇ ಕೊಳೆತುಹೋಗಿದ್ದವು. ಇದು ಅಪ್ಪನಿಗೆ ಗೊತ್ತಿತ್ತು. ಅವನು ಬಸಿಯಲ್ಲಿದ್ದ ಚಹಾ ಮುಗಿಸಿ, "ಅದಕ್ಯಾಕ ಚಿಂತಿ ಮಾಡ್ತೀರಿ? ನಮ್ಮ ಗಾಡ್ಯಾಗೇ ರೇಡಿಯೋ ಅದ ಅಲ್ರಿ" ಅಂದ.

ಪಕ್ಕದಲ್ಲಿ ಕೂತಿದ್ದ ಮಾಮಾನಿಗೆ ಚಹಾ ನೆತ್ತಿಗೆ ಹತ್ತಿತು. ಹಿರಿಯರು ಕೆಮ್ಮು ನಿಲ್ಲುವವರೆಗೆ ಕಾದು, "ಹಂಗಾದ್ರ ಬರ್ತೀನ್ರಿ. ಮುಂದಿನ ಸ್ವಾಮಾರ ಗಾಡಿ ಕಳಸ್ರಿ" ಅಂದರು.

ಈ ಸುದ್ದಿಯನ್ನು ಮಾಮಾ ನಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಹೇಳಿದ. ಅಪ್ಪನ ಮೇಲೆ ನನಗೆ ಹೇಳಲಾರದಷ್ಟು ಸಿಟ್ಟು ಬಂತು. ಸುಳ್ಳು ಹೇಳಿದ್ದಕ್ಕಲ್ಲ. ನನ್ನ ಲಗ್ನವನ್ನು ಆ ಕಾರಿಗೆ ಕಟ್ಟಿದ್ದಕ್ಕೆ. ಅದು ಒಮ್ಮೆಯಾದರೂ ಹೇಳಿದ ಹೊತ್ತಿಗೆ ಹೇಳಿದಲ್ಲಿಗೆ ಮುಟ್ಟಿದ ಗಾಡಿಯಲ್ಲ. ಆ ದಿನ ಅಪ್ಪನ ರೊಟ್ಟಿಯನ್ನು ನಾನು ಬಡಿಯಲಿಲ್ಲ, ಅವ್ವ ಬಡಿದಳು. ಅಪ್ಪನಿಗೆ ಅದು ಗೊತ್ತೇ ಆಗಲಿಲ್ಲ.

ಮಾಮಾ ಸೊಲ್ಲಾಪುರಕ್ಕೆ ಹೋಗಿ, ಹಳೆಯ ಪರಿಚಯದವರ ಕೈಕಾಲು ಹಿಡಿದು, ಗಾಡಿಯಲ್ಲಿ ಕೂಡಿಸುವಂಥ ಒಂದು ರೇಡಿಯೋ ತಂದ. ಇಟ್ಟಿಗೆಗಿಂತ ದೊಡ್ಡದು, ಮೈಯೆಲ್ಲ ಕಬ್ಬಿಣ, ಮುಂದೆ ಎರಡು ತಿರುಗಣಿ. ಬ್ಯಾಟರಿಯ ಎರಡು ತುದಿಗಳಲ್ಲಿ ಒಂದನ್ನು ಗಾಡಿಯ ಕಬ್ಬಿಣದ ಮೈಗೆ ಜೋಡಿಸಿರುತ್ತಾರೆ, ಇನ್ನೊಂದರಿಂದ ವೈರು ಹೊರಡುತ್ತದೆ. ಮಾಮಾ ರಿಪೇರಿ ಮಾಡಿದ ಲಾರಿಗಳಲ್ಲೆಲ್ಲ ಮೈಗೆ ಮೈನಸ್, ವೈರಿಗೆ ಪ್ಲಸ್. ಅವನು ನಮ್ಮ ಕಾರಿನ ಬಾನೆಟ್ ಎತ್ತಿ ನೋಡಿದ. ವೈರು ಹೊರಟ ತುದಿ ಕೆಂಪಗಿತ್ತು. ಕೆಂಪು ಅಂದರೆ ಪ್ಲಸ್. ಸಮಾಧಾನದಿಂದ ರೇಡಿಯೋವನ್ನು ಸ್ಕ್ರೂ ಹಾಕಿ ಕೂಡಿಸಿ, ವೈರು ಕೊಟ್ಟು, ತಿರುಗಣಿ ತಿರುಗಿಸಿದ. ಹಾಡು ಬರಲಿಲ್ಲ, ಹೊಗೆ ಬಂತು.

ಮಾಮಾ ಲಗುಬಗೆಯಿಂದ ವೈರು ಕಿತ್ತ. ಆಮೇಲೆ ಬ್ಯಾಟರಿಯ ಹತ್ತಿರ ಬಗ್ಗಿ, ಆ ಕೆಂಪನ್ನು ಉಗುರಿನಿಂದ ಕೆರೆದು, ಮೂಸಿ ನೋಡಿದ.

"ಅಕ್ಕಾ, ಇಲ್ಲಿ ಕುಂಕುಮ ಯಾರು ಹಚ್ಚ್ಯಾರ?"

"ನಾನೇ. ದಸರಿ ಖಂಡಿ ಪೂಜಿಗಿ ಹಚ್ಚೀನಿ. ವರ್ಷಾ ಹಚ್ತೀನಿ" ಅಂದಳು ಅವ್ವ. "ಆ ಕಡಿ ತುದಿಗಿ ವಿಭೂತಿ, ಈ ಕಡಿ ತುದಿಗಿ ಕುಂಕುಮ. ಯಾಕ, ತಪ್ಪೇನು?"

ಮಾಮಾ ತಪ್ಪು ಅನ್ನಲಿಲ್ಲ. ಒಂದು ಬಟಾಟಿ ಕೇಳಿದ. ಅದನ್ನು ಅರ್ಧಕ್ಕೆ ಕೊಯ್ದು, ಕಾರಿನ ಮೈಯಿಂದ ಒಂದು ತಂತಿ, ಇನ್ನೊಂದು ಕಡೆಯಿಂದ ಒಂದು ತಂತಿ ತಂದು ಚುಚ್ಚಿ ಕೂತ. ಪ್ಲಸ್ ಇದ್ದ ಕಡೆ ಬಟಾಟಿ ಹಸಿರಾಗುತ್ತದೆ ಎಂದು ನಮಗೆ ಹೇಳಿದ. ನಾನು, ಅವ್ವ, ಅಪ್ಪ ಸುತ್ತ ನಿಂತು ಬಟಾಟಿ ನೋಡಿದೆವು. ಕಾರಿನ ಮೈಯಿಂದ ಬಂದ ತಂತಿಯ ಸುತ್ತ ಹಸಿರಾಯಿತು.

"ಈ ಗಾಡಿ ಉಲ್ಟಾ ಅದ" ಅಂದ ಮಾಮಾ. "ಮೈಗಿ ಪ್ಲಸ್ ಕೊಟ್ಟಾರ."

ಅವ್ವನಿಗೆ ಇದು ವಿಚಿತ್ರ ಅನ್ನಿಸಲಿಲ್ಲ. "ಜಾಗೀರದಾರರು ಉರ್ದು ಬರೀತಿದ್ರು. ಬಲಗಡಿಂದ ಎಡಗಡಿಗಿ. ಅವರ ಗಾಡೀನೂ ಹಂಗೇ ಇರಬೇಕು" ಅಂದಳು.

ಸಮಸ್ಯೆ ಇಷ್ಟೇ. ರೇಡಿಯೋದ ಕಬ್ಬಿಣದ ಮೈ ಮೈನಸ್ ಬೇಡುತ್ತದೆ, ಕಾರಿನ ಮೈಯಲ್ಲಿ ಪ್ಲಸ್ ಇದೆ. ರೇಡಿಯೋ ಹಾಡಬೇಕಾದರೆ ಅದನ್ನು ಕಾರಿನಲ್ಲೇ ಇಡಬೇಕು, ಆದರೆ ಕಾರಿಗೆ ತಾಗಿಸಬಾರದು. ತಾಗಿದರೆ ಕಿಡಿ. ಬ್ಯಾಟರಿಯನ್ನೇ ತಿರುಗಿಸಿಬಿಡು ಎಂದು ಅಪ್ಪ ಸಲಹೆ ಕೊಟ್ಟ. ಆಗ ಡೈನಮೋದಿಂದ ಹಿಡಿದು ಎಲ್ಲವನ್ನೂ ತಿರುಗಿಸಬೇಕು, ಸೋಮವಾರದೊಳಗೆ ಆಗದು ಎಂದು ಮಾಮಾ ಹೇಳಿದ. ಅಪ್ಪ ನನ್ನ ಕಡೆ ನೋಡಿದ. ನಾನು ಬೇರೆ ಕಡೆ ನೋಡಿದೆ.

ಉಪಾಯ ಸಿಕ್ಕದ್ದು ನಮ್ಮ ಹೊಲದಲ್ಲಿ ಕುರಿ ತರುಬಿದ್ದ ಕುರುಬರ ಮುದುಕನಿಂದ. ರೇಡಿಯೋ ಇಡಲು ಮಾಮಾ ಕಟ್ಟಿಗೆಯ ಪೆಟ್ಟಿಗೆ ಮಾಡಿದ್ದ, ಒಳಗೆ ಹಾಸಲು ದಪ್ಪನೆಯದೇನಾದರೂ ಬೇಕಿತ್ತು. ಮುದುಕ ಒಂದು ಕರಿ ಕಂಬಳಿ ಕೊಟ್ಟ. ಕತ್ತರಿ ತೆಗೆದ ಮಾಮಾನನ್ನು ತಡೆದು, "ಕತ್ತರಿಸಬ್ಯಾಡ್ರಿ ಸಾವಕಾರ. ನಾವು ಬೀರಪ್ಪಗ ಗದ್ದಿಗಿ ಹಾಕೂದು ಇದರ ಮ್ಯಾಲೇ. ಮಡಚಿ ಹಾಕ್ರಿ" ಅಂದ. ದೇವರ ವಿಷಯ, ಮಾಮಾ ಕತ್ತರಿ ಒಳಗಿಟ್ಟ. ಇಡೀ ಕಂಬಳಿಯನ್ನು ಮಡಚಿ ಹಾಕಿದ್ದರಿಂದ ರೇಡಿಯೋ ಪೆಟ್ಟಿಗೆಯಲ್ಲಿ ಪೂರ್ತಿ ಕೂರಲಿಲ್ಲ. ಅದರ ಮೋರೆ ಒಂದು ಗೇಣು ಹೊರಗೆ ಬಂದು, ಕಾರಿನ ಮುಂಭಾಗದ ಕಬ್ಬಿಣದ ಅಂಚಿಗೆ ಬೆರಳಷ್ಟು ದೂರದಲ್ಲಿ ನಿಂತಿತು. ತಾಗುವುದಿಲ್ಲವಲ್ಲ, ಸಾಕು ಎಂದರು.

ಅದು ಹಾಡಿತು. ಹೊಗೆ ಕಂಡ ರೇಡಿಯೋ ಹಾಡಬಹುದೆಂದು ನಾವಾರೂ ನಂಬಿರಲಿಲ್ಲ. ಇಂಜಿನ್ ಚಾಲೂ ಇದ್ದಾಗ ಒಗ್ಗರಣೆ ಹಾಕಿದ ಸಪ್ಪಳ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಇಂಜಿನ್ ನಿಲ್ಲಿಸಿದರೆ ಸ್ವಚ್ಛ ಕೇಳುತ್ತಿತ್ತು. ನಿಲ್ಲಿಸಿ ಬಹಳ ಹೊತ್ತು ಕೇಳಿದರೆ ಬ್ಯಾಟರಿ ಇಳಿದು ಗಾಡಿ ಚಾಲೂ ಆಗುತ್ತಿರಲಿಲ್ಲ. ಅಪ್ಪ ಇದೆಲ್ಲವನ್ನೂ ಕೂಲಂಕಷವಾಗಿ ವಿಚಾರ ಮಾಡಿ, ರೇಡಿಯೋ ಕೇಳುವಾಗ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಬೇಕು, ಉರುಳಿಬಿಟ್ಟರೆ ತಾನೇ ಚಾಲೂ ಆಗುತ್ತದೆ ಎಂದು ತೀರ್ಮಾನ ಕೊಟ್ಟ. ಸುಳ್ಳು ಹೇಳಿದವನೆಂಬ ನೆನಪೂ ಅವನಿಗೆ ಆಗ ಉಳಿದಿರಲಿಲ್ಲ.

ಸೋಮವಾರ ಮಾಮಾ ಉದಗೀರಕ್ಕೆ ಗಾಡಿ ಒಯ್ದ. ಹಿರಿಯರು, ಅವರ ಹೆಂಡತಿ, ಹುಡುಗ ಮೂವರೂ ಹತ್ತಿದರು. ಹತ್ತುವ ಮೊದಲೇ ಮಾಮಾ ಕೈಮುಗಿದು ಹೇಳಿದ್ದನಂತೆ, ರೇಡಿಯೋದ ಹತ್ತಿರ ಲೋಹ ತರಬೇಡಿ, ಉಂಗುರ, ಬಳೆ, ಕೀಲಿಕೈ ಏನೂ ಬೇಡ ಎಂದು. ಹಿರಿಯರು ಕಟ್ಟುನಿಟ್ಟಿನ ಮನುಷ್ಯ. ಉಂಗುರ ತೆಗೆದು ಹೆಂಡತಿಯ ಕೈಯಲ್ಲಿ ಕೊಟ್ಟರು. ಜೇಬಿನ ಅಡಕತ್ತರಿಯನ್ನೂ ಕೊಟ್ಟರು. ನಿಲಂಗೆಯ ಹೊರಗೆ ಬೇವಿನ ಗಿಡದ ಕೆಳಗೆ, ಇಳಿಜಾರು ನೋಡಿ ಗಾಡಿ ನಿಲ್ಲಿಸಿ ಭಜನೆ ಕೇಳಿದರು. ಹಿರಿಯರು ಸಂತೋಷಪಟ್ಟರು ಎಂದು ಮಾಮಾ ಇಳಿದ ಕೂಡಲೇ ಅವ್ವನ ಕಿವಿಯಲ್ಲಿ ಹೇಳಿದ. ಅವ್ವ ಶ್ಯಾವಿಗೆಗೆ ಇನ್ನಷ್ಟು ತುಪ್ಪ ಹಾಕಿದಳು.

ನನ್ನನ್ನು ನೋಡುವ ಶಾಸ್ತ್ರ ಬೇಗ ಮುಗಿಯಿತು. ಹುಡುಗನ ತಾಯಿ ನನ್ನ ಜಡೆ ಎಳೆದು ನೋಡಿದರು, ಖರೇ ಇತ್ತು. ರೊಟ್ಟಿ ಬರುತ್ತದೆಯೇ ಎಂದರು, ಬರುತ್ತದೆ ಅಂದೆ. ಹಿರಿಯರು ಒಂದು ಮಾತೂ ಕೇಳಲಿಲ್ಲ. ಅವರ ಕಣ್ಣು ಅಂಗಳದ ಕಡೆ, ಬಿಸಿಲು ಇಳಿಯುವ ಕಡೆ ಇತ್ತು. ಗೋಡೆಯ ಬಿಸಿಲು ಹೋದ ಕೂಡಲೇ ಎದ್ದು, "ಸುದ್ದಿ ಕೇಳಿ ಮಾತಾಡೂಣ್ರಿ" ಎಂದು ಹೊರಗೆ ನಡೆದರು. ಎಲ್ಲರೂ ಅವರ ಹಿಂದೆ ಹೊರಟರು. ನಾನೂ ಹೊರಟೆ. ಯಾರೂ ಬೇಡ ಅನ್ನಲಿಲ್ಲ.

ಕಾರಿನ ಬಾಗಿಲು ತೆರೆದು ಹಿರಿಯರು ಒಳಗೆ ಕೂತರು. ಮಾಮಾ ರೇಡಿಯೋ ಹಚ್ಚಿದ. ಹೈದರಾಬಾದಿನ ಸುದ್ದಿ ಶುರುವಾಯಿತು. ಅದು ನಾವು ಕಾಯುತ್ತಿದ್ದ ಸುದ್ದಿಯೇ ಆಗಿತ್ತು. ರಾಜ್ಯ ಒಡೆಯುವ ವಿಚಾರ, ಯಾವ ಜಿಲ್ಲೆ ಎಲ್ಲಿಗೆ ಎಂಬ ವಿಚಾರ. ದನಿ ಸಣ್ಣಗಾಯಿತು. ಹಿರಿಯರು ಸರಿಯಾಗಿ ಕೇಳಬೇಕೆಂದು ತಿರುಗಣಿಯ ಮೇಲೆ ಬಗ್ಗಿದರು. ಕಿವಿಯನ್ನು ರೇಡಿಯೋದ ಹತ್ತಿರ ಒಯ್ದರು.

ನಮ್ಮಲ್ಲಿ ಎಲ್ಲರ ಕೊರಳಲ್ಲೂ ದಾರದಲ್ಲಿ ಬೆಳ್ಳಿಯ ಕರಡಿಗೆ ಇರುತ್ತದೆ. ಅದರೊಳಗೆ ಇಷ್ಟಲಿಂಗ. ಹುಟ್ಟಿದಂದಿನಿಂದ ಮೈಮೇಲೆ ಇರುವುದರಿಂದ ಅದನ್ನು ಯಾರೂ ಒಡವೆ ಎಂದು ಎಣಿಸುವುದಿಲ್ಲ, ಬೆಳ್ಳಿ ಎಂದೂ ಎಣಿಸುವುದಿಲ್ಲ. ಉಂಗುರ ಬಿಚ್ಚಿಸಿದ ಮಾಮಾನ ಕೊರಳಲ್ಲೂ ಅದು ಇತ್ತು. ಲೋಹ ಬೇಡ ಎಂದಾಗ ಅವನಿಗೆ ಅದು ಹೊಳೆಯಲಿಲ್ಲ, ಹಿರಿಯರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ತೆಗೆಯಿರಿ ಎನ್ನುವಂತಿರಲಿಲ್ಲ. ಬಗ್ಗಿದ ಹಿರಿಯರ ಅಂಗಿಯೊಳಗಿಂದ ಕರಡಿಗೆ ಜಾರಿ, ರೇಡಿಯೋದ ಮೋರೆಗೂ ಕಾರಿನ ಅಂಚಿಗೂ ನಡುವಿನ ಬೆರಳಷ್ಟು ಜಾಗದಲ್ಲಿ ಸರಿಯಾಗಿ ಕೂತಿತು.

ಠಪ್ ಎಂದು ಸಪ್ಪಳವಾಯಿತು. ನೀಲಿ ಕಿಡಿ ಹಾರಿತು. ಹಿರಿಯರು ಹೌಹಾರಿ ಎದ್ದು, ತಲೆ ಕಾರಿನ ಛಾವಣಿಗೆ ಬಡಿದು, ರುಮಾಲು ಅಂಗಳಕ್ಕೆ ಬಿತ್ತು. ಸುದ್ದಿ ನಿಂತಿತು. ಸುಟ್ಟ ವಾಸನೆ ಬಂತು. ಹುಡುಗ ರುಮಾಲು ಎತ್ತಿಕೊಂಡು, ಧೂಳು ಝಾಡಿಸಿ, ತಂದೆಗೆ ಕೊಟ್ಟು, ನನ್ನ ಕಡೆ ಒಮ್ಮೆ ನೋಡಿದ. ನಗು ತಡೆಯಲು ಅವನು ಕೆಳತುಟಿ ಕಚ್ಚಿಕೊಂಡಿದ್ದ. ಆ ಗಳಿಗೆಯಲ್ಲಿ ಅವನು ನನಗೆ ಇನ್ನೂ ಹೆಚ್ಚು ಬೇಕಾದ. ಸಂಬಂಧ ಮುರಿದುಬೀಳುವುದೂ ಅದೇ ಗಳಿಗೆಯಲ್ಲಿ ಶುರುವಾಯಿತು.

"ಲಿಂಗಕ್ಕ ಬೆಂಕಿ ಹತ್ಯಾದ!" ಎಂದರು ಹುಡುಗನ ತಾಯಿ. "ಈ ಮನೀ ಸೋಯರಿಕಿ ನಮಗ ಬ್ಯಾಡ. ಏಳ್ರಿ, ಹೋಗೂಣು."

ಹೋಗಲು ಗಾಡಿ ಬೇಕಿತ್ತು. ಒಳಗಿನ ವೈರೂ ಸುಟ್ಟಿತ್ತು. ಮಾಮಾ ಎಷ್ಟು ತಿರುವಿದರೂ ಅದು ಚಾಲೂ ಆಗಲಿಲ್ಲ, ಇಳಿಜಾರಿನಲ್ಲಿ ಬಿಟ್ಟರೂ ಆಗಲಿಲ್ಲ, ಕೆಳಗೆ ಹೋಗಿ ನಿಂತಿತು. ಅಲ್ಲಿಂದ ಎಲ್ಲರೂ ಸೇರಿ ಅದನ್ನು ಮತ್ತೆ ಅಂಗಳಕ್ಕೆ ನೂಕಿ ತಂದರು. ಸಂಬಂಧ ಮುರಿದವರು ಹೀಗೆ ನಮ್ಮ ಮನೆಯಲ್ಲೇ ಊಟಕ್ಕೆ ಉಳಿದರು. ಅವ್ವ ಅಳುತ್ತಲೇ ಪಲ್ಯ ಮಾಡಿದಳು. ಅಪ್ಪ ಒಂದು ಕಂಬಕ್ಕೆ ಒರಗಿ ಕೂತುಬಿಟ್ಟ. ಅವನನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ನನ್ನ ಸಿಟ್ಟು ಇಳಿಯಿತು.

ಮಾಮಾ ಮಠದಿಂದ ಅಯ್ಯನವರನ್ನು ಕರೆತಂದ. ಅಯ್ಯನವರು ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು, ದೀಪದ ಬೆಳಕಿನಲ್ಲಿ ಬಹಳ ಹೊತ್ತು ನೋಡಿದರು. ಕರಡಿಗೆಯ ಮಗ್ಗುಲಿಗೆ ಜೋಳದ ಕಾಳಿನಷ್ಟು ಕಪ್ಪು ಗುಂಡಿ ಬಿದ್ದಿತ್ತು.

"ಲಿಂಗ ಬರೋಬರಿ ಅದ. ಬೆಳ್ಳಿ ಸುಟ್ಟದ. ಅಕ್ಕಸಾಲಿ ಮಾಡಿದ್ದು, ಅಕ್ಕಸಾಲಿ ಬೆಸೀತಾನ" ಎಂದರು.

"ಮತ್ತ ಶಕುನ?" ಎಂದರು ಹುಡುಗನ ತಾಯಿ.

"ಶಕುನ ನಮ್ಮಲ್ಲಿ ಲೆಕ್ಕಕ್ಕ ಇಲ್ಲವ್ವಾ."

"ಲೆಕ್ಕಕ್ಕ ಇಲ್ಲ ಖರೇ. ಆದ್ರೂ ಆಗ್ಯಾದಲ್ರೀ."

ಅಯ್ಯನವರು ಲಿಂಗವನ್ನು ಕರಡಿಗೆಯಲ್ಲಿಟ್ಟು ಮರಳಿಸಿದರು. ಅವರು ಪ್ರಸಾದಕ್ಕೆ ಕೂತರು. ಒಳಗೆ ಹೆಂಗಸರ ಮಾತು ಒಂದೇ ಸವನೆ ನಡೆದಿತ್ತು, ಅದೆಲ್ಲ ಒಂದೇ ಕಡೆ ವಾಲಿತ್ತು. ಕೊನೆಯ ಮಾತು ಆಡಬೇಕಾದ ಹಿರಿಯರು ಮಾತ್ರ ಆ ಮಾತಿಗೆ ಕೂತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ, ಸತ್ತ ಗಾಡಿಯ ಎದುರು ಒಬ್ಬರೇ ಕೂತಿದ್ದರು. ಅವ್ವ ನನ್ನ ಕೈಯಲ್ಲಿ ಮಜ್ಜಿಗೆಯ ತಂಬಿಗೆ ಕೊಟ್ಟು ಕಳಿಸಿದಳು.

ಅವರು ತಂಬಿಗೆ ತೆಗೆದುಕೊಳ್ಳಲಿಲ್ಲ. ಗಾಡಿಯನ್ನೇ ನೋಡುತ್ತ, "ಸುದ್ದಿ ಎಲ್ಲಿಗಿ ನಿಂತಿತು, ಯಾರರ ಕೇಳೀರೇನು?" ಎಂದರು. ಯಾರಿಗೆ ಕೇಳಿದರೋ ಗೊತ್ತಾಗಲಿಲ್ಲ. ಅಲ್ಲಿ ಇದ್ದದ್ದು ನಾನೊಬ್ಬಳೇ.

"ನಾ ಕೇಳೀನ್ರಿ" ಅಂದೆ. "ಬೀದರ ಜಿಲ್ಲಾದ ತಾಲೂಕಗೋಳು ಅಂದ್ರು. ಅಲ್ಲಿಗೇ ನಿಂತೋತ್ರಿ."

ಅವರು ಥಟ್ಟನೆ ನನ್ನ ಕಡೆ ತಿರುಗಿದರು. ಅವರು ನನ್ನನ್ನು ನೋಡಿದ್ದು ಆಗಲೇ. ಅವರು ಬಂದದ್ದೇ ನನ್ನನ್ನು ನೋಡಲು.

"ಯಾವ ಕಡಿಗಿ ಅಂತ ಅನ್ಲಿಲ್ಲ?"

"ಇಲ್ರಿ."

"ನಮ್ಮನ್ಯಾಗ ಯಾರಿಗಿ ಕೇಳಿದ್ರೂ ಸುದ್ದಿ ಕಿವೀಗೇ ಬಿದ್ದಿಲ್ಲ ಅಂತಾರ" ಎಂದರು ಹಿರಿಯರು. "ನಿನಗೇನು ಅನಸ್ತದ? ನಮ್ಮ ತಾಲೂಕ ಎಲ್ಲಿಗಿ ಹೋಗ್ತದ?"

ನನಗೆ ಎಲ್ಲಿತ್ತೋ ಸಿಟ್ಟು, ತಿರುಗಿ ಬಂತು. ಒಳಗೆ ನನ್ನನ್ನು ಬೇಡ ಅನ್ನುತ್ತಿದ್ದಾರೆ, ಇಲ್ಲಿ ಇವರು ತಾಲೂಕು ಹಿಡಿದು ಕೂತಿದ್ದಾರೆ. ಕಣ್ಣಲ್ಲಿ ನೀರೂ ಬಂತು, ಬಾಯೂ ನಿಲ್ಲಲಿಲ್ಲ.

"ನನ್ನ ಸುದ್ದೀನೇ ನನಗ ಯಾರೂ ಹೇಳವಲ್ರು. ತಾಲೂಕಿಂದು ನಾ ಏನು ಹೇಳ್ಲಿರಿ?"

ಬಾಗಿಲ ಹಿಂದೆ ಅವ್ವ ಹಣೆ ಬಡಿದುಕೊಂಡದ್ದು ಕೇಳಿಸಿತು. ಹಿರಿಯರು ಆಗ ತಂಬಿಗೆ ತೆಗೆದುಕೊಂಡರು. ಮಜ್ಜಿಗೆಯನ್ನು ನಿಧಾನವಾಗಿ, ತಳದವರೆಗೂ ಕುಡಿದರು. ಮೀಸೆ ಒರೆಸಿಕೊಂಡು ಖಾಲಿ ತಂಬಿಗೆಯನ್ನು ನನ್ನ ಕೈಗೆ ಕೊಟ್ಟರು.

"ನಿಂದು ಆತು. ಉದಗೀರ" ಎಂದರು. "ಇನ್ನ ತಾಲೂಕಿಂದಷ್ಟೇ ಉಳದದ."